ಟೈಮ್‌ಔಟ್ ಕೇಳುವ ಹಕ್ಕು ಅಸಿಸ್ಟೆಂಟ್‌ಗೂ ಇದೆ

"ಈ ಟೀಮಿಗೆ ಕೋಚ್ ನಾನೋ, ಇವನೋ?" ನಮ್ಮ ಹೆಡ್ ಕೋಚ್ ಆಗಿರುವ ಪಿಡಿ (ಫಿಸಿಕಲ್ ಡೈರೆಕ್ಟರ್) ಸರ್ ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಹೀಗೆ ಕೇಳಿದ್ದು ಇನ್ನೂ ಚುಚ್ಚುತ್ತದೆ.

ನಾನು ದಾವಣಗೆರೆಯಲ್ಲೇ ಓದಿ, ಕಾಲೇಜು ಬಾಸ್ಕೆಟ್‌ಬಾಲ್ ಟೀಮಿಗೆ ಪಾಯಿಂಟ್ ಗಾರ್ಡ್ (ಬಾಲ್ ತಂದು ಆಟ ನಡೆಸುವವನು) ಆಗಿ ಆಡಿದವನು. ಈಗ ಇಲ್ಲಿಯದೇ ಒಂದು ಕಾಲೇಜಿನ ಹುಡುಗಿಯರ ಟೀಮಿಗೆ ಅಸಿಸ್ಟೆಂಟ್ ಕೋಚ್. ಬೆಳಿಗ್ಗೆ ಕೋರ್ಟ್ ಗುಡಿಸುವುದು, ಬಾಲ್‌ಗೆ ಗಾಳಿ ತುಂಬುವುದು, ಟಿಎ-ಡಿಎ ಬಿಲ್ ಬರೆಯುವುದು ಎಲ್ಲಾ ನನ್ನದೇ. ಅದಕ್ಕೆ ಬೇಸರವಿಲ್ಲ. ಬೆಂಚಿನಲ್ಲಿ ಮಾಡುವ ಕೆಲಸಕ್ಕೆ ಬೆಲೆ ಇಲ್ಲ ಅಂದಾಗ ಮಾತ್ರ ಸಿಟ್ಟು ಬರುತ್ತದೆ.

ಆ ಮಾತಿಗೆ ಕಾರಣ ಚಿತ್ರದುರ್ಗದಲ್ಲಿ ಆದ ಒಂದು ಮ್ಯಾಚ್. ನಾಲ್ಕನೇ ಕ್ವಾರ್ಟರ್ ಮುಗಿಯಲು 2:45 ಇತ್ತು. ನಾವು ಮೂರು ಪಾಯಿಂಟ್ ಮುಂದೆ. ಎದುರಿನವರು ಫುಲ್ ಕೋರ್ಟ್ ಪ್ರೆಸ್ ಹಾಕಿ, ಅಂದರೆ ಕೋರ್ಟ್ ಉದ್ದಕ್ಕೂ ಬೆನ್ನುಬಿದ್ದು, ನಮ್ಮವರಿಗೆ ಉಸಿರಾಡಲು ಬಿಡುತ್ತಿರಲಿಲ್ಲ. ಸೆಕೆಂಡ್ ಹಾಫ್‌ನ ಮೂರೂ ಟೈಮ್‌ಔಟ್ ಹಾಗೇ ಇದ್ದವು. ಕೊನೆಯ 2 ನಿಮಿಷಕ್ಕೆ ಎರಡೇ ಸಿಗುವುದು. ಅಷ್ಟರೊಳಗೆ ಒಂದೂ ತೆಗೆದುಕೊಳ್ಳದಿದ್ದರೆ ಸ್ಕೋರರ್ ಸ್ಕೋರ್ ಶೀಟ್‌ನಲ್ಲಿ ಮೊದಲ ಟೈಮ್‌ಔಟ್‌ನ ಚೌಕಕ್ಕೆ ಎರಡು ಗೆರೆ ಎಳೆಯುತ್ತಾರೆ. ಅದು ಹೋದಂತೆಯೇ.

"ಸರ್, ಒಂದು ತಗೊಳ್ಳಿ, ಇಲ್ಲಾಂದ್ರೆ ಸುಮ್ನೆ ಹೋಗುತ್ತೆ."

"ಇರಲಿ, ಕೊನೆಗೆ ಬೇಕಾಗುತ್ತೆ."

ಅವರ ಮಾತಿನಲ್ಲೂ ಅರ್ಥವಿತ್ತು. ಬಾಲ್ ನಮ್ಮದಾಗಿದ್ದು, ಕೊನೆಯ 2 ನಿಮಿಷದಲ್ಲಿ ಟೈಮ್‌ಔಟ್ ತೆಗೆದುಕೊಂಡರೆ ನಾವು ಬಾಸ್ಕೆಟ್ ಹಾಕುವ ಕಡೆಯ ಅರ್ಧ ಕೋರ್ಟಿನಿಂದಲೇ ಬಾಲ್ ಒಳಗೆ ಹಾಕಬಹುದು (ಥ್ರೋ-ಇನ್). ಪ್ರೆಸ್ ದಾಟುವ ತಾಪತ್ರಯವೇ ಇರುವುದಿಲ್ಲ. ಆದರೆ ಅದಕ್ಕೆ ಎರಡು ಸಾಕಲ್ವಾ? ಮೂರನೆಯದನ್ನು ಉಳಿಸಬೇಕೆಂದರೂ ಅದು ಉಳಿಯುವುದಿಲ್ಲ.

ಮತ್ತೆ ಹೇಳಿದೆ. ಸರ್ ರೆಫ್ರಿಯ ಕಡೆ ಕೂಗುತ್ತಿದ್ದರು, ಕೇಳಿಸಿಕೊಳ್ಳಲಿಲ್ಲ. 2:25. ನಾನೇ ಸ್ಕೋರರ್ ಟೇಬಲ್‌ಗೆ ಹೋಗಿ ಟೈಮ್‌ಔಟ್ ಕೇಳಿದೆ. ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ ಫಿಬಾದ ನಿಯಮದಲ್ಲಿ ಫಸ್ಟ್ ಅಸಿಸ್ಟೆಂಟ್ ಕೋಚ್‌ಗೂ ಆ ಹಕ್ಕಿದೆ. ಆದರೆ ಕೇಳಿದ ತಕ್ಷಣ ಸಿಗುವುದಿಲ್ಲ. ವಿಸಿಲ್ ಬೀಳಬೇಕು, ಇಲ್ಲವೇ ಎದುರಾಳಿ ಬಾಸ್ಕೆಟ್ ಹಾಕಬೇಕು. ವಿಸಿಲ್ ಬೀಳುತ್ತಿಲ್ಲ, ಗಡಿಯಾರ ಓಡುತ್ತಿದೆ. ನಮ್ಮ ಮೇಲೆ ಬಾಸ್ಕೆಟ್ ಬೀಳಲಿ ಅಂತ ಬಯಸುವುದು ಹೇಗೆ? ಆಡುವ ದಿನಗಳಲ್ಲಿ ಇಂಥ ಸಂಕಟ ಗೊತ್ತೇ ಇರಲಿಲ್ಲ. 2:11ಕ್ಕೆ ಅವರ ಲೇಅಪ್ ಒಳಗೆ ಬಿತ್ತು. ಹಾರ್ನ್ ಆಯಿತು. ನಮ್ಮ ಲೀಡ್ ಒಂದಕ್ಕೆ ಇಳಿದಿತ್ತು.

ಬೈಗುಳ ಮ್ಯಾಚ್ ಆದಮೇಲೆ ಬರುತ್ತದೆ ಅಂದುಕೊಂಡಿದ್ದೆ. ಸರ್ ಅಲ್ಲೇ ಶುರು ಮಾಡಿದರು. "ಯಾರಪ್ಪ ನಿನಗೆ ಕೇಳು ಅಂದಿದ್ದು?" ಟೈಮ್‌ಔಟ್ ಅಂದರೆ ಒಂದೇ ನಿಮಿಷ. 50 ಸೆಕೆಂಡಿಗೇ ಎಚ್ಚರಿಕೆಯ ಹಾರ್ನ್. ಹುಡುಗಿಯರು ನೀರಿನ ಬಾಟಲಿ ಹಿಡಿದು ನಮ್ಮಿಬ್ಬರ ಮುಖ ನೋಡುತ್ತಾ ನಿಂತಿದ್ದರು. ಅರ್ಧ ನಿಮಿಷ ಹೀಗೇ ಹೋಯಿತು.

ನಾನು ಉತ್ತರ ಕೊಡಲಿಲ್ಲ. ಫೌಲ್ ಬರೆದುಕೊಂಡಿದ್ದ ಹಾಳೆ ಹಿಡಿದು ಗಾರ್ಡ್ ಹತ್ತಿರ ಬಗ್ಗಿದೆ. "ಸೈಡ್‌ಲೈನ್ ಕಡೆ ಹೋಗ್ಬೇಡಮ್ಮ, ಅಲ್ಲೇ ಟ್ರ್ಯಾಪ್ ಮಾಡ್ತಿದ್ದಾರೆ. ಬಾಲ್ ನಡುವೆ ಕೊಡು. ಅವರ ಟೀಮ್ ಫೌಲ್ ನಾಲ್ಕಾಗಿದೆ, ಇನ್ನೊಂದಾದ್ರೆ ನಮಗೆ ಫ್ರೀ ಥ್ರೋ, ಧೈರ್ಯವಾಗಿ ಒಳಗೆ ನುಗ್ಗು." ಅವಳು ನುಗ್ಗಿದಳು. ಫೌಲ್ ಸಿಕ್ಕಿತು, ಎರಡೂ ಫ್ರೀ ಥ್ರೋ ಹಾಕಿದಳು. ಗೆದ್ದೆವು. ದಾವಣಗೆರೆಗೆ ಬಂದು ಎಲ್ಲರೂ ಮಂಡಕ್ಕಿ-ಮಿರ್ಚಿ ತಿನ್ನುವವರೆಗೂ ಸರ್ ನನ್ನ ಜೊತೆ ಒಂದು ಮಾತೂ ಆಡಲಿಲ್ಲ.

ಹೆಡ್ ಕೋಚ್ ಆಟ ನೋಡುವಾಗ ಅಸಿಸ್ಟೆಂಟ್ ಲೆಕ್ಕ ನೋಡಬೇಕು. ಯಾರಿಗೆ ನಾಲ್ಕು ಫೌಲ್ ಆಗಿದೆ, ಮುಂದಿನ ಜಂಪ್ ಬಾಲ್ ಯಾರಿಗೆ ಅಂತ ತೋರಿಸುವ ಆ್ಯರೋ ಯಾರ ಕಡೆ ಇದೆ, ಟೈಮ್‌ಔಟ್ ಎಷ್ಟು ಉಳಿದಿವೆ. ಆ ಲೆಕ್ಕ ಹಿಡಿದು ಯಾರು ಏನು ಮಾಡಬಹುದು ಅನ್ನುವುದು ಮ್ಯಾಚ್‌ಗೆ ಮುಂಚೆಯೇ ತೀರ್ಮಾನವಾಗಬೇಕು. ಬೆಂಚಿನಲ್ಲಿ ಅದಕ್ಕೆ ಸಮಯ ಸಿಗುವುದಿಲ್ಲ. ಈಗ ಸ್ಕೋರ್ ಶೀಟ್‌ಗೆ ಸಹಿ ಹಾಕುವ ಮುಂಚೆಯೇ ಕೇಳಿಬಿಡುತ್ತೇನೆ: "ಸರ್, 3 ನಿಮಿಷದವರೆಗೂ ಒಂದೂ ತಗೊಂಡಿಲ್ಲ ಅಂದ್ರೆ ನಾನು ಕೇಳಲಾ?" ಈಚೆಗೆ "ಕೇಳು" ಅನ್ನುತ್ತಾರೆ. ನನಗೆ ಅಷ್ಟು ಸಾಕು.

ಮ್ಯಾನೇಜ್‌ಮೆಂಟ್ ಮಾತ್ರ ಬದಲಾಗಿಲ್ಲ. ಸಂಬಳ ಜಾಸ್ತಿ ಮಾಡಿ ಅಂದರೆ ಪಟಿಯಾಲಾದ ಎನ್‌ಐಎಸ್ (ರಾಷ್ಟ್ರೀಯ ಕ್ರೀಡಾ ಸಂಸ್ಥೆ) ಕೋಚಿಂಗ್ ಡಿಪ್ಲೊಮಾ ಮಾಡಿಕೊಂಡು ಬಾ ಅನ್ನುತ್ತಾರೆ. ಸರಿ, ಅದಕ್ಕೆ ರಜೆ ಕೊಡಿ ಅಂದರೆ ಟೀಮ್ ಯಾರು ನೋಡಿಕೊಳ್ಳುತ್ತಾರೆ ಅಂತ ಕೇಳುತ್ತಾರೆ.