ಬಾಯಿಬಿಟ್ಟು ವೋಟು ಹಾಕಿದವರ ಊರು

ಐರ್ಲೆಂಡಿನ ಪಶ್ಚಿಮಕ್ಕೆ ಹೋಗುವವರು ಜಾಸ್ತಿ ಮೋಹರ್ ಬಂಡೆಗಳನ್ನು ನೋಡುವುದಕ್ಕೇ ಹೋಗುತ್ತಾರೆ. ಕ್ಲೇರ್ ಕೌಂಟಿಯ, ಅಂದರೆ ಜಿಲ್ಲೆಯ, ಎನ್ನಿಸ್ ಅವರಿಗೆ ಬಸ್ ಬದಲಿಸುವ ಊರು, ಅಷ್ಟೆ. ನಾನೂ ಎರಡು ಸಲ ಹಾಗೇ ಮಾಡಿದ್ದೆ. ಮೂರನೇ ಸಲ, ಬಂಡೆ ಎಲ್ಲಿ ಓಡಿಹೋಗುತ್ತದೆ ಅಂದುಕೊಂಡು ಲಿಮರಿಕ್‌ನಲ್ಲಿ ರೈಲು ಹತ್ತಿ ಎನ್ನಿಸ್‌ನಲ್ಲೇ ಇಳಿದೆ. ಮುಕ್ಕಾಲು ಗಂಟೆ ದಾರಿ. ಕಿಟಕಿಯಾಚೆ ಹುಲ್ಲು, ಕಲ್ಲುಗೋಡೆ, ಹಸು. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಮತ್ತೆ ಹುಲ್ಲು, ಕಲ್ಲುಗೋಡೆ, ಹಸು.

ಹೋಗಿದ್ದು ಒಂದು ಉಪಚುನಾವಣೆಗಾಗಿ. 1828ರದ್ದು. ಡಬ್ಲಿನ್‌ನಲ್ಲಿ ಜೊತೆಗಿರುವ ಗೆಳೆಯನಿಗೆ ಹೇಳಿದರೆ, "ನಮ್ಮೂರ ಪಂಚಾಯ್ತಿ ಎಲೆಕ್ಷನ್ನಿಗೇ ನೀನು ಹೋಗಲಿಲ್ಲ" ಅಂದ. ಅದೂ ನಿಜವೇ.

ಸ್ಟೇಷನ್ನಿನಿಂದ ಪೇಟೆಗೆ ನಡೆದೇ ಹೋಗಬಹುದು. ಬೀದಿಗಳು ಎಷ್ಟು ಕಿರಿದು ಅಂದರೆ, ಎದುರಿಗೆ ಒಬ್ಬರು ಛತ್ರಿ ಬಿಚ್ಚಿಕೊಂಡು ಬಂದರೆ ನಾವು ಅಂಗಡಿ ಬಾಗಿಲಿಗೆ ಸರಿಯಬೇಕು. ನನ್ನ ಛತ್ರಿ ಲಿಮರಿಕ್ ರೈಲಿನಲ್ಲೇ ಉಳಿದಿತ್ತು. ಹಾಗಾಗಿ ಸರಿಯುವ ಕೆಲಸ ಪೂರ್ತಿ ನನ್ನದೇ. ಅಂಗಡಿಗಳ ಮೇಲೆ ಕೇಸರಿ-ನೀಲಿ ಬಾವುಟಗಳು. ಅವು ಪಕ್ಷದ್ದಲ್ಲ, ಕ್ಲೇರ್ ಕೌಂಟಿಯ ಹರ್ಲಿಂಗ್ ತಂಡದ್ದು. ಹರ್ಲಿಂಗ್ ಅಂದರೆ ಕೋಲು-ಚೆಂಡಿನ ಐರಿಷ್ ಆಟ. ಕ್ಲೇರ್‌ಗೆ 'ಬಾವುಟದ ಕೌಂಟಿ' ಅಂತಲೇ ಅಡ್ಡಹೆಸರು. ಯಾಕೆ ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಕಥೆ ಹೇಳುತ್ತಾರೆ. ಅದರಲ್ಲೊಂದು, ನಾನು ಹುಡುಕಿಕೊಂಡು ಬಂದಿದ್ದ ಆ ಚುನಾವಣೆಯಲ್ಲಿ ಜನ ಹಿಡಿದು ಬಂದ ಬಾವುಟಗಳದ್ದು.

ಬೀದಿಗಳೆಲ್ಲ ಸೇರುವ ಕಡೆ ಒಂದು ಎತ್ತರದ ಕಂಬ. ತುದಿಯಲ್ಲಿ ಐರಿಷ್ ಕ್ಯಾಥೊಲಿಕರ ನಾಯಕ ಡೇನಿಯಲ್ ಓಕಾನಲ್. ಮಳೆಯಲ್ಲಿ ತಲೆ ಎತ್ತಿದರೆ ಕನ್ನಡಕದ ಮೇಲೆ ಹನಿ, ಮುಖ ಕಾಣುವುದಿಲ್ಲ. 1865ರಲ್ಲಿ ನಿಲ್ಲಿಸಿದ ಕಂಬ ಇದು. ಹಳೇ ಕೋರ್ಟು ಕಟ್ಟಡ ಇದ್ದದ್ದು ಈ ಜಾಗದಲ್ಲೇ. ಆ ಜುಲೈನಲ್ಲಿ ಕ್ಲೇರ್‌ನ ರೈತರು ಬಂದು ವೋಟು ಹಾಕಿದ್ದು ಇಲ್ಲೇ.

ವೋಟು ಹಾಕಿದ್ದು ಅಂದೆ. ಆದರೆ ಚೀಟಿ ಇಲ್ಲ, ಪೆಟ್ಟಿಗೆ ಇಲ್ಲ. ಗುಟ್ಟಿನ ಮತದಾನ ಅಲ್ಲಿಗೆ ಬಂದದ್ದು 1872ರಲ್ಲಿ. ಅದಕ್ಕೆ ಮುಂಚೆ ರೈತ ಅಧಿಕಾರಿಯ ಮುಂದೆ ನಿಂತು, ತನ್ನ ಹೆಸರು ಹೇಳಿ, ಯಾರಿಗೆ ವೋಟು ಅಂತ ಎಲ್ಲರಿಗೂ ಕೇಳುವ ಹಾಗೆ ಬಾಯಿಬಿಟ್ಟು ಹೇಳಬೇಕು. ಗುಮಾಸ್ತ ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ. ಜಮೀನ್ದಾರನ ಕಡೆಯವರು ಅಲ್ಲೇ ನಿಂತು ಕೇಳಿಸಿಕೊಳ್ಳುತ್ತಾರೆ. ಕಾಲ ಕೆಳಗಿನ ನೆಲ ಅವರದ್ದು. ಬಾಕಿ ಬಾಡಿಗೆಯ ಲೆಕ್ಕ ಅವರ ಜೇಬಿನಲ್ಲಿ. ಈಗ ಹೇಳಿ, ನೀವಾಗಿದ್ದರೆ ಯಾರ ಹೆಸರು ಹೇಳುತ್ತಿದ್ದಿರಿ?

ಈ ಮತದಾರರಿಗೆ 'ನಲವತ್ತು ಶಿಲಿಂಗಿನವರು' ಅಂತ ಹೆಸರು. ಜೀವಾವಧಿ ಗೇಣಿಯ ಜಮೀನಿದ್ದು, ಅದರ ಬೆಲೆ ಬಾಡಿಗೆ ಕಳೆದು ವರ್ಷಕ್ಕೆ ನಲವತ್ತು ಶಿಲಿಂಗ್, ಅಂದರೆ ಎರಡು ಪೌಂಡು, ಆದರೆ ಸಾಕು, ವೋಟು ಸಿಗುತ್ತಿತ್ತು. 1793ರಲ್ಲಿ ಕ್ಯಾಥೊಲಿಕರಿಗೂ ಇದು ಸಿಕ್ಕಿತು. ಜಮೀನ್ದಾರರು ಸಂತೋಷದಿಂದಲೇ ಇಂಥ ಗೇಣಿಗಳನ್ನು ಜಾಸ್ತಿ ಮಾಡಿದರು. ರೈತ ಹೆಚ್ಚಾದಷ್ಟೂ ತಮ್ಮ ವೋಟು ಹೆಚ್ಚು ಅನ್ನುವುದು ಅವರ ಲೆಕ್ಕ. ಚುನಾವಣೆ ದಿನ ಸಂತೆಗೆ ದನ ಹೊಡೆದುಕೊಂಡು ಹೋದ ಹಾಗೆ ಇವರನ್ನು ಕರೆದುಕೊಂಡು ಹೋಗುತ್ತಿದ್ದರು.

1828ರಲ್ಲಿ ಕ್ಲೇರ್‌ನ ಸಂಸದ ವೆಸಿ ಫಿಟ್ಜ್‌ಜೆರಾಲ್ಡ್‌ಗೆ ಲಂಡನ್‌ನಲ್ಲಿ ಮಂತ್ರಿ ಪದವಿ ಸಿಕ್ಕಿತು. ಆಗಿನ ನಿಯಮದಂತೆ ಮಂತ್ರಿಯಾದವನು ಮತ್ತೆ ಗೆದ್ದು ಬರಬೇಕು. ಸುಮ್ನೆ ಶಾಸ್ತ್ರಕ್ಕೆ ಒಂದು ಚುನಾವಣೆ ಅಂತ ಎಲ್ಲರೂ ಅಂದುಕೊಂಡಿದ್ದರು. ಆತ ಕೆಟ್ಟವನೂ ಅಲ್ಲ. ಪ್ರೊಟೆಸ್ಟೆಂಟ್ ಆದರೂ ಕ್ಯಾಥೊಲಿಕರ ಹಕ್ಕಿನ ಪರ ಇದ್ದವನು. ನನಗೆ ಅವನ ಮೇಲೆ ಸ್ವಲ್ಪ ಕನಿಕರವೇ ಇದೆ. ಅವನ ಎದುರು ನಿಂತದ್ದು ವಕೀಲ ಓಕಾನಲ್. ಕ್ಯಾಥೊಲಿಕ್ ಆದವನು ಚುನಾವಣೆಗೆ ನಿಲ್ಲಬಾರದು ಅಂತ ಕಾನೂನು ಹೇಳಿರಲಿಲ್ಲ. ಆದರೆ ಗೆದ್ದು ಹೋಗಿ ಕೂರಬೇಕಾದರೆ, ಕ್ಯಾಥೊಲಿಕರ ಪೂಜೆ ಮೂಢನಂಬಿಕೆ, ವಿಗ್ರಹಾರಾಧನೆ ಅಂತ ಒಪ್ಪುವ ಪ್ರಮಾಣ ಮಾಡಬೇಕಿತ್ತು. ನಿಲ್ಲಬಹುದು, ಕೂರುವ ಹಾಗಿಲ್ಲ!

ಓಕಾನಲ್ ಬೆನ್ನಿಗೆ ಇದ್ದದ್ದು ಕ್ಯಾಥೊಲಿಕ್ ಅಸೋಸಿಯೇಷನ್. ತಿಂಗಳಿಗೆ ಒಂದು ಪೆನ್ನಿ ಚಂದಾ. ಬಡವನೂ ಕೊಡಬಲ್ಲ ದುಡ್ಡು, ಒಮ್ಮೆ ಕೊಟ್ಟರೆ ಅದು ತನ್ನ ಸಂಘ ಅನಿಸುವಷ್ಟು ದುಡ್ಡು. ಹಳ್ಳಿ ಹಳ್ಳಿಯ ಪಾದ್ರಿಗಳು ಮತದಾರರ ಮುಂದೆ ನಡೆದು ಎನ್ನಿಸ್‌ಗೆ ಬಂದರು. ಅಲ್ಲಿಯವರೆಗೆ ಆ ಜಾಗದಲ್ಲಿ ನಡೆಯುತ್ತಿದ್ದವರು ಜಮೀನ್ದಾರರು. ಹೆಂಡ ಮುಟ್ಟಬಾರದು ಅಂತ ಕಟ್ಟುನಿಟ್ಟು. ಚುನಾವಣೆ ಅಂದರೆ ಪುಕ್ಕಟೆ ಕುಡಿತ ಅಂತಿದ್ದ ಕಾಲದಲ್ಲಿ ಇದೇ ದೊಡ್ಡ ಸುದ್ದಿ. ಓಕಾನಲ್ ಕಡೆಯ ಓಗೊರ್ಮನ್ ಮಾಹನ್ ಅನ್ನುವ ಯುವಕ ಹಸಿರು ಪಟ್ಟಿ ಕಟ್ಟಿಕೊಂಡು ಕೋರ್ಟಿಗೆ ಬಂದ. ಶೆರಿಫ್ ಅದನ್ನು ತೆಗೆ ಅಂದ. ತೆಗೆಯಲ್ಲ, ಮುಟ್ಟಿ ನೋಡು ಅಂತ ಇವನು. ಈ ಮಾಹನ್ ಮುಂದೆ ತಾನೂ ಇದೇ ಕ್ಷೇತ್ರದಿಂದ ಗೆದ್ದ, ಲಂಚದ ಆರೋಪದಲ್ಲಿ ಸೀಟು ಕಳೆದುಕೊಂಡ, ಮುದುಕನಾದ ಮೇಲೆ 1879ರಲ್ಲಿ ಮತ್ತೆ ಬಂದು ಗೆದ್ದ. ದ್ವಂದ್ವಯುದ್ಧದ ಹುಚ್ಚು ಬೇರೆ. ಅವನ ಬಗ್ಗೆಯೇ ಇನ್ನೊಂದು ಲೇಖನ ಬರೆಯಬಹುದು.

ಐದು ದಿನ ಮತದಾನ. ಜುಲೈ 5ಕ್ಕೆ ಎಣಿಸಿದಾಗ ಓಕಾನಲ್‌ಗೆ 2,057, ಫಿಟ್ಜ್‌ಜೆರಾಲ್ಡ್‌ಗೆ 982.

ಆ 2,057 ಜನರಲ್ಲಿ ಒಬ್ಬೊಬ್ಬನೂ ತನ್ನ ಒಡೆಯನ ಕಿವಿಗೆ ಬೀಳುವ ಹಾಗೆ ಬೇರೆ ಹೆಸರು ಹೇಳಿದವನು. ಕಂಬದ ಬುಡದಲ್ಲಿ ನಿಂತು ಯೋಚಿಸುತ್ತಿದ್ದರೆ ನನಗೆ ಆ ಸದ್ದು ಹೇಗಿದ್ದಿರಬಹುದು ಅನ್ನುವುದೇ ತಲೆಯಲ್ಲಿ. ಮೊದಲನೆಯವನ ಗಂಟಲು ಒಣಗಿರಬೇಕು. ಇನ್ನೂರನೆಯವನು ಕೂಗಿಯೇ ಹೇಳಿರಬೇಕು. ನಾನು ನಿಂತಿದ್ದ ಜಾಗದಲ್ಲಿ ಆಗ ಒಬ್ಬ ಹುಡುಗ ಚಿಪ್ಸ್ ತಿನ್ನುತ್ತಾ ಫೋನಿನಲ್ಲಿ ಯಾರಿಗೋ ಬೈಯುತ್ತಿದ್ದ.

ಮುಂದಿನ ಕಥೆ ಶಾಲೆ ಪುಸ್ತಕದ್ದು. ಒಬ್ಬ ಗೆದ್ದವನನ್ನು ಹೊರಗಿಟ್ಟರೆ ದಂಗೆಯೇ ಆದೀತು ಅಂತ ಲಂಡನ್ ಹೆದರಿತು. 1829ರ ಏಪ್ರಿಲ್‌ನಲ್ಲಿ ಕ್ಯಾಥೊಲಿಕರಿಗೆ ಪಾರ್ಲಿಮೆಂಟ್ ಬಾಗಿಲು ತೆಗೆಯಿತು. ಆದರೆ ಹೊಸ ಕಾನೂನು ಮುಂದೆ ಗೆಲ್ಲುವವರಿಗೆ ಮಾತ್ರ ಅಂದರು. ಮೇ ತಿಂಗಳಲ್ಲಿ ಓಕಾನಲ್ ಸದನಕ್ಕೆ ಹೋದಾಗ ಹಳೇ ಪ್ರಮಾಣದ ಕಾಗದವನ್ನೇ ಕೈಗೆ ಕೊಟ್ಟರು. ಇದರಲ್ಲಿ ಒಂದು ಭಾಗ ಸುಳ್ಳು ಅಂತ ಗೊತ್ತು, ಇನ್ನೊಂದು ಭಾಗ ನಿಜವಲ್ಲ ಅಂತ ನಂಬಿದ್ದೇನೆ ಅಂತ ಹೇಳಿ ವಾಪಸ್ ಕೊಟ್ಟರು. ಮತ್ತೆ ಕ್ಲೇರ್‌ಗೆ ಬರಬೇಕಾಯಿತು. ಜುಲೈ 30ಕ್ಕೆ ಅವಿರೋಧ ಆಯ್ಕೆ.

ಕಂಬದ ಮೇಲೆ ಇಲ್ಲದ ಕಥೆ ಇನ್ನೊಂದಿದೆ. ಅದೇ ಏಪ್ರಿಲ್‌ನಲ್ಲಿ, ಆ ಕಾನೂನಿನ ಜೊತೆಗೇ, ವೋಟಿನ ಅರ್ಹತೆಯನ್ನು ಎರಡು ಪೌಂಡಿನಿಂದ ಹತ್ತು ಪೌಂಡಿಗೆ ಏರಿಸಿದರು. ಇಡೀ ಐರ್ಲೆಂಡಿನಲ್ಲಿ ಎರಡು ಲಕ್ಷ ದಾಟಿದ್ದ ಮತದಾರರು ಸುಮಾರು 37,000ಕ್ಕೆ ಇಳಿದರು. ಓಕಾನಲ್‌ನನ್ನು ಗೆಲ್ಲಿಸಿದವರಲ್ಲಿ ಹೆಚ್ಚಿನವರಿಗೆ ಅವನ ಎರಡನೇ ಚುನಾವಣೆಯಲ್ಲಿ ವೋಟೇ ಇರಲಿಲ್ಲ. ವೋಟು ಹೋದ ಮೇಲೆ ಜಮೀನ್ದಾರನಿಗೆ ಸಣ್ಣ ರೈತನನ್ನು ಇಟ್ಟುಕೊಳ್ಳುವ ಕಾರಣವೂ ಹೋಯಿತು. ಓಕಾನಲ್ ಇದನ್ನು ವಿರೋಧಿಸಿದರು, ಆದರೆ ಇದಕ್ಕಾಗಿ ಹಟ ಹಿಡಿದು ನಿಲ್ಲಲಿಲ್ಲ. ದೊಡ್ಡ ಮನುಷ್ಯ, ಒಪ್ಪುತ್ತೇನೆ. ಆದರೂ ಈ ಒಂದು ವಿಷಯದಲ್ಲಿ ನನಗೆ ಅವರ ಮೇಲೆ ಸಿಟ್ಟಿದೆ.

ಮಳೆ ಜೋರಾಯಿತು. ಫರ್ಗಸ್ ನದಿ ಪಕ್ಕದ ಹಳೇ ಫ್ರಾನ್ಸಿಸ್ಕನ್ ಮಠದ ಕಡೆ ಓಡಿದೆ. ಕೆತ್ತನೆ ಚೆನ್ನಾಗಿದೆ, ನೋಡಿ ಬನ್ನಿ. ನನ್ನ ಗಮನ ಮಾತ್ರ ಒದ್ದೆಯಾದ ಸಾಕ್ಸ್ ಮೇಲಿತ್ತು.

ಈ ಊರಿಗೂ ನಾವು ದಿನಾ ಬಳಸುವ ಒಂದು ಮಾತಿಗೂ ಸಂಬಂಧ ಇದೆ. 1880ರ ಸೆಪ್ಟೆಂಬರ್ 19ರಂದು ಐರಿಷ್ ನಾಯಕ ಪಾರ್ನೆಲ್ ಇಲ್ಲಿ ಭಾಷಣ ಮಾಡಿದರು. ಪಕ್ಕದವನನ್ನು ಒಕ್ಕಲೆಬ್ಬಿಸಿದ ಜಮೀನನ್ನು ಇನ್ನೊಬ್ಬ ಹಿಡಿದರೆ ಅವನನ್ನು ಏನು ಮಾಡುತ್ತೀರಿ ಅಂತ ಜನರನ್ನು ಕೇಳಿದರು. ಗುಂಡು ಹೊಡೆಯಿರಿ ಅಂತ ಗುಂಪಿನಿಂದ ಕೂಗು. ಬೇಡ, ಅದಕ್ಕಿಂತ ಒಳ್ಳೇ ದಾರಿ ಇದೆ ಅಂದರು ಪಾರ್ನೆಲ್. ದಾರಿಯಲ್ಲಿ ಸಿಕ್ಕರೆ ಮಾತಾಡಿಸಬೇಡಿ, ಅಂಗಡಿಯಲ್ಲಿ ಸಿಕ್ಕರೆ ನೋಡಬೇಡಿ, ಕುಷ್ಠರೋಗಿಯನ್ನು ದೂರ ಇಟ್ಟ ಹಾಗೆ ಇಡಿ. ಕೆಲವೇ ದಿನಗಳಲ್ಲಿ ಮೇಯೊ ಕೌಂಟಿಯ ಕ್ಯಾಪ್ಟನ್ ಬಾಯ್ಕಾಟ್ ಅನ್ನುವ, ಜಮೀನ್ದಾರನ ಏಜೆಂಟನ ಮೇಲೆ ಈ ಅಸ್ತ್ರ ಬಿತ್ತು. ಅವನ ಹೆಸರೇ ಕ್ರಿಯಾಪದವಾಯಿತು. ನಮ್ಮ ಕಾಲೇಜಿನಲ್ಲಿ ಕ್ಲಾಸ್ ಬಾಯ್ಕಾಟ್ ಮಾಡುವಾಗ ಇದೆಲ್ಲ ಯಾರಿಗೆ ಗೊತ್ತಿತ್ತು? ಅಂದ ಹಾಗೆ ಆಗ ಕ್ಲೇರ್‌ನ ಇಬ್ಬರು ಸಂಸದರಲ್ಲಿ ಒಬ್ಬ ಕ್ಯಾಪ್ಟನ್ ಓಶೇ. ಅವನ ಹೆಂಡತಿ ಕ್ಯಾಥರೀನ್ ಜೊತೆಗಿನ ಪ್ರೇಮವೇ ಹತ್ತು ವರ್ಷದ ನಂತರ ಪಾರ್ನೆಲ್ ಅವರ ರಾಜಕೀಯವನ್ನು ಮುಳುಗಿಸಿತು.

1885ರಲ್ಲಿ ಹಳೇ ಕ್ಲೇರ್ ಕ್ಷೇತ್ರ ಇಲ್ಲವಾಯಿತು. ಪೂರ್ವ ಕ್ಲೇರ್, ಪಶ್ಚಿಮ ಕ್ಲೇರ್ ಅಂತ ಎರಡು ತುಂಡು. ಪೂರ್ವದ ತುಂಡಿನ ಕಥೆ ನೋಡಲು ಊರಿನ ಇನ್ನೊಂದು ಬದಿಯ ಈಗಿನ ಕೋರ್ಟಿಗೆ ನಡೆದೆ. ದಪ್ಪ ಕಂಬಗಳ ಕಟ್ಟಡ. ಮುಂದೆ ಉದ್ದನೆಯ, ಸಣಕಲು ಮನುಷ್ಯನ ಪ್ರತಿಮೆ, ಏಮನ್ ಡಿ ವಲೆರಾ. 1892ರಿಂದ ಪೂರ್ವ ಕ್ಲೇರ್‌ನ ಸಂಸದನಾಗಿದ್ದ ವಿಲ್ಲಿ ರೆಡ್ಮಂಡ್ 1917ರ ಜೂನ್ 7ರಂದು ಮೊದಲ ಮಹಾಯುದ್ಧದ ಮೆಸೀನ್ ಕದನದಲ್ಲಿ ಬ್ರಿಟಿಷ್ ಸಮವಸ್ತ್ರದಲ್ಲೇ ಸತ್ತ. ಆ ಜಾಗಕ್ಕೆ ನಿಂತದ್ದು, ಬ್ರಿಟಿಷರ ವಿರುದ್ಧ ದಂಗೆಯೆದ್ದು ಆಗಷ್ಟೇ ಜೈಲಿನಿಂದ ಹೊರಬಂದಿದ್ದ ಡಿ ವಲೆರಾ. ಎದುರಾಳಿ ಪ್ಯಾಟ್ರಿಕ್ ಲಿಂಚ್, ಊರಿನವನೇ, ವಕೀಲ. ಕ್ಲೇರ್‌ನ ಅರ್ಧ ಕೊಲೆಗಾರರ ಪರ ಲಿಂಚ್ ವಾದ ಮಾಡಿದ್ದಾನೆ, ಉಳಿದರ್ಧ ಅವನ ನೆಂಟರು, ಹಾಗಾಗಿ ಸೋಲುವ ಮಾತೇ ಇಲ್ಲ ಅಂತ ಒಂದು ಚಟಾಕಿ ಆಗ ಓಡಾಡಿತ್ತಂತೆ. ಸೋತ. ಡಿ ವಲೆರಾಗೆ 5,010, ಲಿಂಚ್‌ಗೆ 2,035. ಅಲ್ಲಿಂದ 1959ರಲ್ಲಿ ರಾಷ್ಟ್ರಾಧ್ಯಕ್ಷ ಆಗುವವರೆಗೂ ಡಿ ವಲೆರಾ ಕ್ಲೇರ್ ಬಿಟ್ಟುಕೊಡಲಿಲ್ಲ.

ರೈಲಿಗೆ ಒಂದು ಗಂಟೆ ಇತ್ತು. ಒಂದು ಸಣ್ಣ ಕೆಫೆಯಲ್ಲಿ ಹೀಟರ್ ಪಕ್ಕ ಕೂತು ಟೀ ಹೇಳಿದೆ. ಪಕ್ಕದ ಮೇಜಿನ ಅಜ್ಜ ನನ್ನ ಒದ್ದೆ ಶೂ ನೋಡಿ, ಬಂಡೆಯಿಂದ ಬಂದಿರಾ ಅಂದರು. ಇಲ್ಲ, ಚುನಾವಣೆಯಿಂದ ಅಂದೆ. ನಕ್ಕರು. ವಯಸ್ಸು ಎಂಬತ್ತರ ಮೇಲಿರಬೇಕು. 1917ರಲ್ಲಿ ತಮ್ಮ ತಾತ ವೋಟು ಹಾಕಿದ್ದ ಬಗ್ಗೆ ಹೇಳಿದರು. ಗುಟ್ಟಿನ ಮತದಾನ, ಯಾರಿಗೆ ಹಾಕಿದೆ ಅಂತ ತಾತ ಹೆಂಡತಿಗೂ ಹೇಳಿರಲಿಲ್ಲವಂತೆ. ಸಾಯುವ ಮುಂಚೆ ಇವರಿಗೊಬ್ಬರಿಗೆ ಹೇಳಿದ್ದಂತೆ.

"ಯಾರಿಗೆ?" ಅಂದೆ.

ಅಜ್ಜ ಒಮ್ಮೆ ಬಾಗಿಲ ಕಡೆ ನೋಡಿದರು. ಆಮೇಲೆ ಕುರ್ಚಿ ಹತ್ತಿರ ಎಳೆದುಕೊಂಡು, ದನಿ ತಗ್ಗಿಸಿ, "ಲಿಂಚ್‌ಗೆ" ಅಂದರು.