ಶಕ್ಲಾವಾದಲ್ಲಿ ಕೇಳಿದ ಹೆಸರುಗಳು

ಎರ್ಬಿಲ್‌ನಲ್ಲಿ ಶುಕ್ರವಾರ ರಜೆ. ವಸಂತ ಬಂತೆಂದರೆ ಅವತ್ತು ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಬೆಟ್ಟದ ಕಡೆ ಹೊರಡುತ್ತದೆ. ಇದಕ್ಕೆ ಇರಾಕ್, ಟರ್ಕಿ, ಇರಾನ್‌ಗಳಲ್ಲಿ ಹರಡಿರುವ ಕುರ್ದ್ ಜನ ಸೈರಾನ್ ಅನ್ನುತ್ತಾರೆ. ಇರಾಕಿ ಕುರ್ದಿಸ್ತಾನಕ್ಕೆ ಕೆಲಸಕ್ಕೆಂದು ಬಂದ ನನ್ನನ್ನು ಆಫೀಸಿನ ಗೆಳತಿಯೊಬ್ಬಳು ತನ್ನ ಗಂಡನ ಮನೆಯವರ ಜೊತೆ ಶಕ್ಲಾವಾಕ್ಕೆ ಕರೆದೊಯ್ದಳು. ಸುಮಾರು 50 ಕಿ.ಮೀ. ದೂರ. ಸಫೀನ್ ಬೆಟ್ಟದ ಬುಡದ ತಂಪು ಊರು.

ಹುಲ್ಲಿನ ಮೇಲೆ ಜಮಖಾನ ಹಾಸಿ, ನಡುವೆ ದೋಲ್ಮಾ (ಎಲೆ, ತರಕಾರಿಯೊಳಗೆ ಅಕ್ಕಿ ತುಂಬಿ ಬೇಯಿಸಿದ್ದು) ಪಾತ್ರೆ ಇಟ್ಟುಕೊಂಡು ಕೂತೆವು. ಗೆಳತಿ ಒಬ್ಬೊಬ್ಬರನ್ನೇ ಪರಿಚಯಿಸಿದಳು. ಇಲ್ಲಿ ಗಂಡಸರ ಹೆಸರಿನ ಮುಂದೆ ‘ಕಾಕ’ ಸೇರಿಸುತ್ತಾರೆ, ಅಣ್ಣ ಅಂತ. ಧಾರವಾಡದವಳಾದ ನನಗೆ ಕಾಕಾ ಅಂದರೆ ಅಪ್ಪನ ತಮ್ಮ. ಹೀಗಾಗಿ ಎಲ್ಲರೂ ಬೇಗ ನಮ್ಮವರಾದರು. ಆದರೆ “ಇವರು ಕಾಕ ಆವಾರೆ” ಅಂದಾಗ ಗಲಿಬಿಲಿಯಾಯಿತು. ಹಿಂದಿಯ ಆವಾರಾ ಅಂದರೆ ಪೋಲಿ ಅಲೆಯುವವನು. ಮಗನಿಗೆ ಯಾರಾದರೂ ಈ ಹೆಸರಿಡುತ್ತಾರಾ?

ಅವರ ತಾಯಿ, ಆ ಮನೆಯ ಅಜ್ಜಿಯೇ ಹೇಳಿದರು. 1991ರ ವಸಂತ. ಸದ್ದಾಂ ವಿರುದ್ಧ ಕುರ್ದರು ದಂಗೆಯೆದ್ದರು, ಸೈನ್ಯ ತಿರುಗಿ ಬಂತು. 1988ರಲ್ಲಿ ಕುರ್ದರ ಊರು ಹಲಬ್ಜಾದಲ್ಲಿ ಸದ್ದಾಂ ಸೈನ್ಯದ ವಿಷಾನಿಲಕ್ಕೆ ಸುಮಾರು 5,000 ಜನ ಸತ್ತಿದ್ದು ಎಲ್ಲರ ಕಣ್ಣ ಮುಂದಿತ್ತು. ಹಾಗಾಗಿ ಯಾರೂ ಊರಲ್ಲಿ ಕಾಯಲಿಲ್ಲ. ಹತ್ತು ಲಕ್ಷಕ್ಕೂ ಜಾಸ್ತಿ ಜನ ಟರ್ಕಿ, ಇರಾನ್ ಗಡಿಯ ಬೆಟ್ಟ ಹತ್ತಿದರು. ಮಳೆ, ಹಿಮ, ಹಸಿವು. ಆ ದಾರಿಯಲ್ಲೇ ಇವರ ಎರಡನೇ ಮಗ ಹುಟ್ಟಿದ. ಆವಾರೆ, ಅಂದರೆ ಮನೆಮಠ ಬಿಟ್ಟು ಬಂದವನು.

ಆಮೇಲೆ ನಾನು ಎಲ್ಲರ ಹೆಸರನ್ನೂ ಕೇಳತೊಡಗಿದೆ. ಹಿರಿಯ ಮಗ ಶೋರೇಶ್, ಕ್ರಾಂತಿ. ಬೆಟ್ಟದಿಂದ ವಾಪಸ್ ಬಂದ ಮೇಲೆ ಹುಟ್ಟಿದ ಕಿರಿಯವನು ಹಿವಾ, ಭರವಸೆ. ಅಜ್ಜಿಯ ಹೆಸರು ಮಾತ್ರ ಫಾತಿಮಾ. “ನಮ್ಮ ಕಾಲದಲ್ಲಿ ಎಲ್ಲರೂ ಫಾತಿಮಾ, ಖದೀಜಾ, ಮಹಮ್ಮದ್‌ಗಳೇ” ಅಂದರು. ಕುರ್ದರ ಹೋರಾಟ ಬಲಗೊಂಡ ಹಾಗೆ ಆಜಾದ್, ರಿಜ್ಗಾರ್, ಖಬಾತ್, ನಿಷ್ತಿಮಾನ್ ಅನ್ನುವ ಹೆಸರುಗಳು ಹೆಚ್ಚಿದವು. ಸ್ವತಂತ್ರ, ಬಿಡುಗಡೆಯಾದವನು, ಹೋರಾಟ, ತಾಯ್ನಾಡು. ಅಡ್ಡಹೆಸರಿನ ಗೋಜು ಇಲ್ಲಿ ಜಾಸ್ತಿ ಇಲ್ಲ. ತನ್ನ ಹೆಸರು, ಅಪ್ಪನದು, ಅಜ್ಜನದು, ಸಾಲಾಗಿ ಮೂರು. ಅದನ್ನು ಓದಿದರೆ ಮೂರು ತಲೆಮಾರು ಏನೇನು ಬಯಸಿತ್ತು ಅನ್ನುವುದೇ ಕಾಣುತ್ತದೆ.

ಟರ್ಕಿಯ ದಿಯಾರ್‌ಬಕಿರ್ ಕಡೆಯಿಂದ ಬಂದ ಅಳಿಯನ ಕಥೆ ಇನ್ನೂ ಕಷ್ಟದ್ದು. ಆತನಿಗೆ ಎರಡು ಹೆಸರು, ಮನೆಯಲ್ಲಿ ಕುರ್ದಿಷ್, ಗುರುತಿನ ಚೀಟಿಯಲ್ಲಿ ಟರ್ಕಿಷ್. 1928ರಲ್ಲಿ ಬಂದ ಟರ್ಕಿಷ್ ಲಿಪಿಯಲ್ಲಿ ಕ್ಯೂ, ಡಬ್ಲ್ಯೂ, ಎಕ್ಸ್ ಇಲ್ಲ. ಕುರ್ದಿಷ್‌ಗೆ ಮೂರೂ ಬೇಕು, ಆದರೆ ಸರ್ಕಾರಿ ದಾಖಲೆಯಲ್ಲಿ ಅವನ್ನು ಬಳಸುವಂತಿರಲಿಲ್ಲ. 2013ರಲ್ಲಿ ಸರ್ಕಾರ ಈ ನಿರ್ಬಂಧ ಸಡಿಲಿಸುವವರೆಗೆ ಡಬ್ಲ್ಯೂ ಇರುವ ನೆವ್‌ರೋಜ್ ಅನ್ನುವ ಹೊಸ ವರ್ಷದ ಹಬ್ಬದ ಹೆಸರನ್ನು ಕೂಡ ಕುರ್ದಿಷ್ ಕಾಗುಣಿತದಲ್ಲಿ ಮಗುವಿಗೆ ಇಡುವುದು ಕಷ್ಟವಿತ್ತು. ಒಂದು ಅಕ್ಷರಕ್ಕೆ ಇಷ್ಟು ಭಯವೇ ಅಂತ ನನಗೆ ನಿಜಕ್ಕೂ ಸಿಟ್ಟು ಬಂತು.

ಆಗ ಅಜ್ಜಿ ಇರಾನಿನ ಸಕ್ಕೇಜ್‌ನ ಹುಡುಗಿಯನ್ನು ನೆನೆದರು. 2022ರಲ್ಲಿ ಪೊಲೀಸರ ವಶದಲ್ಲಿದ್ದಾಗ ಅಸ್ವಸ್ಥಳಾಗಿ ಸತ್ತ ಮಹ್ಸಾ ಅಮೀನಿ. ಮನೆಯವರಿಗೆ ಅವಳು ಜೀನಾ, ಬದುಕು ಅನ್ನುವ ಅರ್ಥದ ಹೆಸರು. “ಜೀನಾ, ನೀನು ಸಾಯುವುದಿಲ್ಲ, ನಿನ್ನ ಹೆಸರು ಸಂಕೇತವಾಗುತ್ತದೆ” ಅಂತ ಅವಳ ಸಮಾಧಿಯ ಮೇಲೆ ಕುರ್ದಿಷ್‌ನಲ್ಲೇ ಬರೆಸಿದ್ದಾರೆ. ಅಜ್ಜಿ ಹೇಳುವಾಗ ಎಲ್ಲರೂ ಚಹಾ ಲೋಟ ಕೆಳಗಿಟ್ಟಿದ್ದರು.

ಗೆಳತಿಗೆ ಆಗ ಏಳು ತಿಂಗಳು. ಮಾತು ಅವಳ ಮಗುವಿನ ಹೆಸರಿಗೆ ಬಂತು. ಗಂಡಾದರೆ ರಿಜ್ಗಾರ್ ಇಡಿ ಅಂದರು ಶೋರೇಶ್. ಹೆಣ್ಣಾದರೆ ನಿಷ್ತಿಮಾನ್. ಗೆಳತಿ ಒಪ್ಪಲಿಲ್ಲ. ಅವಳ ಪಟ್ಟಿಯಲ್ಲಿ ಇದ್ದಿದ್ದು ಲಾನಾ, ಗೂಡು. ಶಿಲಾನ್, ಕಾಡುಗುಲಾಬಿ. ತಾವ್ಗಾ, ಜಲಪಾತ. “ನನ್ನ ಮಗು ಹೆಸರಿನಲ್ಲೇ ಯುದ್ಧ ಹೊತ್ತುಕೊಂಡು ಶಾಲೆಗೆ ಹೋಗೋದು ಬೇಡ” ಅಂದಳು. ನನಗೆ ಅವಳ ಮಾತೇ ಸರಿ ಅನಿಸಿತು, ಹೇಳಿಯೂ ಬಿಟ್ಟೆ. ಶೋರೇಶ್ ಸುಲಭಕ್ಕೆ ಬಿಡಲಿಲ್ಲ. ಮರೆತರೆ ಮತ್ತೆ ಓಡಬೇಕಾಗುತ್ತದೆ ಅಂತ ಅವರ ವಾದ. ಅಜ್ಜಿ ಮಾತ್ರ ಸೊಸೆಯ ಕಡೆ ತಿರುಗಿ, “ಲಾನಾ ಇಡಮ್ಮ. ಆವಾರೆ ಅಂತ ಹೆಸರಿಟ್ಟವಳು ನಾನು. ನಾನು ಹೇಳ್ತಿದ್ದೀನಿ” ಅಂದರು.