48ನೇ ಹೆದ್ದಾರಿ ಹಿಡಿದು ರೇಸ್ ಟ್ರ್ಯಾಕ್‌ಗೆ

ನಿಮ್ಮ ಬೈಕನ್ನು ರೇಸ್ ಟ್ರ್ಯಾಕ್‌ನಲ್ಲಿ ಓಡಿಸುವ ಆಸೆಯೇ? ದಾವಣಗೆರೆ ಬೈಪಾಸ್‌ನಲ್ಲಿ ಬೆಂಗಳೂರು ಕಡೆ ಮುಖ ಮಾಡಿದರೆ ಚೆನ್ನೈ ಬಳಿಯ ರೇಸ್ ಟ್ರ್ಯಾಕ್ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್ ಹತ್ತಿರದವರೆಗೂ ರಾಷ್ಟ್ರೀಯ ಹೆದ್ದಾರಿಯ ನಂಬರು ಅದೇ 48. ಚಿತ್ರದುರ್ಗ, ಹಿರಿಯೂರು, ಶಿರಾ, ತುಮಕೂರು. ಬೆಂಗಳೂರಿನ ಟ್ರಾಫಿಕ್ ತಪ್ಪಿಸಲು ನೈಸ್ ರಸ್ತೆ. ಆಮೇಲೆ ಹೊಸೂರು, ಕೃಷ್ಣಗಿರಿ, ವೆಲ್ಲೂರು. ಶ್ರೀಪೆರಂಬದೂರು ದಾಟಿದ ಮೇಲೆ ಇರುಂಗಾಟ್ಟುಕೋಟೈ. ಸುಮಾರು 570 ಕಿ.ಮೀ.

ಅಷ್ಟು ದೂರ ಬೈಕ್ ಓಡಿಸಿಕೊಂಡು ಹೋಗುವುದು ದಡ್ಡತನ. ಟ್ರ್ಯಾಕ್‌ನಲ್ಲಿ ಬಿದ್ದು ಕ್ಲಚ್ ಲಿವರ್ ಮುರಿದರೂ ವಾಪಸ್ ಬರುವುದು ಹೇಗೆ? ಪಿಕಪ್‌ಗೆ ಹಾಕಿ. ಸೈಡ್ ಸ್ಟ್ಯಾಂಡ್ ಎತ್ತಿ, ಮುಂದಿನ ಚಕ್ರ ಕ್ಯಾಬಿನ್ ಗೋಡೆಗೆ ಒತ್ತಿ, ನಾಲ್ಕು ಬೆಲ್ಟ್ ಬಿಗಿಯಬೇಕು. ಫೋರ್ಕ್ (ಮುಂದಿನ ಚಕ್ರದ ಶಾಕ್ ಅಬ್ಸಾರ್ಬರ್) ಅರ್ಧ ಕುಗ್ಗಿದರೆ ಸಾಕು. ಪೂರ್ತಿ ಕೂತರೆ ಆಯಿಲ್ ಸೀಲ್‌ಗೆ ಕೇಡು. ಕುಲುಕಾಟಕ್ಕೆ ಬೈಕ್ ಕುಳಿತು ಬೆಲ್ಟ್ ಸಡಿಲವಾಗುತ್ತದೆ, ಹಾಗಾಗಿ ಚಿತ್ರದುರ್ಗದಲ್ಲಿ ಚಹಾಕ್ಕೆ ಇಳಿದಾಗ ಮೊದಲು ಬೆಲ್ಟ್, ಆಮೇಲೆ ಚಹಾ.

ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ನ ಈ ಟ್ರ್ಯಾಕ್ ಶುರುವಾಗಿದ್ದು 1990ರಲ್ಲಿ. ಉದ್ದ 3.717 ಕಿ.ಮೀ., ತಿರುವು 12. ಬೈಕ್ ನಿಲ್ಲಿಸಿ ರಿಪೇರಿ ಮಾಡುವ ಪಿಟ್ ಇದೆ, ಕಂಟ್ರೋಲ್ ಟವರ್ ಇದೆ. ಚಕ್ರ ಎತ್ತಿ ಬೈಕ್ ನಿಲ್ಲಿಸುವ ಪ್ಯಾಡಕ್ ಸ್ಟ್ಯಾಂಡ್, ಎಕ್ಸ್‌ಟೆನ್ಶನ್ ಬಾಕ್ಸ್, ಕುಡಿಯುವ ನೀರು ಮಾತ್ರ ಊರಿಂದಲೇ ಒಯ್ಯುವುದು ವಾಸಿ.

ಟ್ರ್ಯಾಕ್‌ಗೆ ಇಳಿಯುವ ಮುನ್ನ ನಡೆಯುವ ಬೈಕ್ ತಪಾಸಣೆಗೆ ಮೊದಲೇ ಕನ್ನಡಿ ಬಿಚ್ಚಿ, ಹೆಡ್‌ಲೈಟಿಗೆ ಟೇಪ್ ಸುತ್ತಿ. ಒಡೆದ ಗಾಜು ಹಿಂದೆ ಬರುವವರ ಟಯರಿಗೆ ಹೊಕ್ಕೀತು. ರೇಸಿಗಾದರೆ ಇಂಜಿನ್ ಆಯಿಲ್‌ನ ಡ್ರೈನ್ ಬೋಲ್ಟ್ ಸಡಿಲವಾಗದಂತೆ ಅದಕ್ಕೆ ತೂತು ಕೊರೆದು ತಂತಿ ಬಿಗಿಯಬೇಕು. ಇಂಜಿನ್ ತಂಪಾಗಿಡುವ ಕೂಲೆಂಟ್ ಚೆಲ್ಲಿದರೆ ರಸ್ತೆ ಜಾರುತ್ತದೆ, ಅದರ ಬದಲು ಬರೀ ನೀರು ತುಂಬಿಸುವುದು ರೂಢಿ.

ಜಾಸ್ತಿ ಜನ ಎಡವುವುದು ಎರಡು ಕಡೆ. ಒಂದು, ಗಾಳಿ. ಟಯರ್ 10 ಡಿಗ್ರಿ ಬಿಸಿಯಾದರೆ ಒಳಗಿನ ಗಾಳಿಯ ಒತ್ತಡ ಸುಮಾರು 1.5 ಪಿಎಸ್‌ಐ ಏರುತ್ತದೆ. ಬೆಳಿಗ್ಗೆ ತಣ್ಣಗಿದ್ದಾಗ ರಸ್ತೆಯ ಲೆಕ್ಕದಲ್ಲೇ ತುಂಬಿಸಿದರೆ ಮಧ್ಯಾಹ್ನ ಚೆನ್ನೈ ಬಿಸಿಲಿಗೆ ಟಯರ್ ಉಬ್ಬಿ ಹಿಂದಿನ ಚಕ್ರ ಜಾರತೊಡಗುತ್ತದೆ. ಪಿಟ್‌ಗೆ ಬಂದ ತಕ್ಷಣ, ಹೆಲ್ಮೆಟ್ ತೆಗೆಯುವ ಮೊದಲೇ ಗೇಜ್ ಹಿಡಿಯಬೇಕು. ಇನ್ನೊಂದು, ಬ್ರೇಕ್ ಆಯಿಲ್. ಡಾಟ್ 4 ದರ್ಜೆಯ ಹೊಸ ಬ್ರೇಕ್ ಆಯಿಲ್ ಕುದಿಯಲು ಕನಿಷ್ಠ 230 ಡಿಗ್ರಿ ಬೇಕು. ವರ್ಷಗಟ್ಟಲೆ ತೇವ ಹೀರಿದ್ದು 155ರ ಆಸುಪಾಸಿಗೇ ಕುದಿಯಬಹುದು. ಆವಿಗುಳ್ಳೆ ಎದ್ದರೆ ಲಿವರ್ ಮೆತ್ತಗಾಗಿ ಹ್ಯಾಂಡಲ್‌ಗೇ ತಾಗುತ್ತದೆ, ಅದೂ ನೇರ ಓಟದ ಕೊನೆಗೆ. ಹೊರಡುವ ವಾರ ಬದಲಿಸಿ.

ಹಳದಿ ಬಾವುಟಕ್ಕೆ ಓವರ್‌ಟೇಕ್ ಇಲ್ಲ. ಕೆಂಪಿಗೆ ನಿಧಾನವಾಗಿ ಪಿಟ್‌ಗೆ.

ವಾಪಸ್ ಬಂದ ಮೇಲೆ ರೇಡಿಯೇಟರ್‌ನ ನೀರು ಚೆಲ್ಲಿ ಕೂಲೆಂಟ್ ತುಂಬಿಸಿ. ಬಿಟ್ಟರೆ ಒಳಗೆ ತುಕ್ಕು.